ಇದು ಉದಾಸೀನವಲ್ಲ

ಕರಾವಳಿಯಲ್ಲಿ ‘ಉದಾಸೀನ’ ಎಂದರೆ ಸೋಮಾರಿತನ. ಹತ್ತು ಗಂಟೆಯಾದರೂ ಹಾಸಿಗೆ ಬಿಡದ ಮಗನಿಗೆ ಮನೆಯವರು ಮೊದಲು ಅಂಟಿಸುವ ಹೆಸರು ಅದೇ. ಹೆಚ್ಚಿನ ಸಲ ಆ ಹೆಸರು ಸರಿಯಾಗಿಯೇ ಇರುತ್ತದೆ. ಕೆಲವೊಮ್ಮೆ ಮಾತ್ರ ಅದು ಕಾಯಿಲೆಯ ಲಕ್ಷಣ.

ಸಂತೆಕಟ್ಟೆಯ ಆಸುಪಾಸಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಪಿಯುಸಿ ಓದುವ ಹುಡುಗನಿಗೆ ಯಾರೂ ಇಲ್ಲದಾಗಲೂ ದನಿಗಳು ಕೇಳುತ್ತವೆ. ಬಸ್ಸಿನಲ್ಲಿರುವವರೆಲ್ಲ ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆಂಬ ಸಂಶಯ. ಮಣಿಪಾಲಕ್ಕೆ ಕರೆದೊಯ್ದು ತೋರಿಸುತ್ತಾರೆ, ಮಾತ್ರೆ ಶುರುವಾಗುತ್ತದೆ, ಕೆಲವು ವಾರಗಳಲ್ಲಿ ದನಿಗಳು ಅಡಗುತ್ತವೆ. ಮನೆಯವರ ತಲೆಬಿಸಿ ಶುರುವಾಗುವುದು ಆಮೇಲೆ. ಹುಡುಗ ಸ್ನಾನಕ್ಕೆ ಏಳುವುದಿಲ್ಲ. ಏನು ಕೇಳಿದರೂ ಒಂದೇ ಶಬ್ದದ ಉತ್ತರ. ಕ್ರಿಕೆಟಿಗೆ ಕರೆಯಲು ಎರಡು ಸಲ ಬಂದ ಗೆಳೆಯರು ಮೂರನೆಯ ಸಲ ಬರುವುದಿಲ್ಲ. ಮುಖದಲ್ಲಿ ನಗುವೂ ಇಲ್ಲ, ಅಳುವೂ ಇಲ್ಲ. “ಕಾಯಿಲೆ ಗುಣವಾಯಿತಲ್ಲ, ಇನ್ನೇನು ಧಾಡಿ ನಿನಗೆ?” ಎಂದು ತಂದೆ ಗದರುತ್ತಾರೆ.

ಗುಣವಾದದ್ದು ಅರ್ಧ ಮಾತ್ರ. ಸೈಕೋಸಿಸ್ ಎಂಬ ಚಿತ್ತವಿಕಲತೆಯಲ್ಲಿ, ಮುಖ್ಯವಾಗಿ ಸ್ಕಿಜೋಫ್ರೀನಿಯಾದಲ್ಲಿ, ವೈದ್ಯರು ಧನ ಮತ್ತು ಋಣ ಎಂದು ಎರಡು ಬಗೆಯ ಲಕ್ಷಣಗಳನ್ನು ಹೇಳುತ್ತಾರೆ. ಇಲ್ಲಿ ಧನ ಎಂದರೆ ಒಳ್ಳೆಯದು ಎಂದಲ್ಲ. ಇರಬಾರದ್ದು ಸೇರಿಕೊಂಡರೆ ಧನ, ಇರಬೇಕಾದ್ದು ಕಳೆದುಹೋದರೆ ಋಣ. ಇಲ್ಲದ ದನಿ ಕೇಳುವುದು ಮೊದಲನೆಯದು. ಮಾತು, ಉತ್ಸಾಹ, ಮುಖಭಾವ, ಒಡನಾಟ ಬತ್ತುವುದು ಎರಡನೆಯದು. ಬಳಕೆಯಲ್ಲಿರುವ ಹೆಚ್ಚಿನ ಮಾತ್ರೆಗಳು ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಕೆಲಸಕ್ಕೆ ತಡೆಹಾಕಿ ಧನ ಲಕ್ಷಣಗಳನ್ನು ಚೆನ್ನಾಗಿ ಹತೋಟಿಗೆ ತರುತ್ತವೆ. ಋಣ ಲಕ್ಷಣಗಳ ಮೇಲೆ ಅವುಗಳ ಆಟ ಅಷ್ಟಾಗಿ ನಡೆಯುವುದಿಲ್ಲ.

ಇಂಥವರು ಸಂತೋಷವನ್ನೇ ಅನುಭವಿಸಲಾರರು ಎಂಬುದು ಹಳೆಯ ತಿಳಿವಳಿಕೆ. ಈಚಿನ ಸಂಶೋಧನೆಗಳು ಬೇರೆಯೇ ಹೇಳುತ್ತವೆ. ಎದುರಿಗಿಟ್ಟ ಬಿಸಿ ಗೋಳಿಬಜೆ ಈ ಹುಡುಗನಿಗೂ ರುಚಿಸುತ್ತದೆ. ಹೋಟೆಲಿಗೆ ಹೋದರೆ ಗೋಳಿಬಜೆ ಸಿಕ್ಕೀತು, ಚೆನ್ನಾಗಿದ್ದೀತು ಎಂದು ಮೊದಲೇ ಆಸೆ ಹುಟ್ಟಿ ಕಾಲು ಏಳುವುದಿದೆಯಲ್ಲ, ಕುಂದಿರುವುದು ಅದು. ಹಾಗಾಗಿ “ಮನಸ್ಸಿದ್ದರೆ ಬಾ” ಎಂದರೆ ಅವನು ಬರಲಾರ; ಚೀಲ ಕೈಗೆ ಕೊಟ್ಟು ಜೊತೆಯಲ್ಲೇ ಸಂತೆಗೆ ಕರೆದೊಯ್ದರೆ ಬಂದಾನು. ಮೊದಲು ಸ್ನಾನ, ಮುಂದಿನ ವಾರ ಸಂತೆ, ಕಾಲೇಜು ಆಮೇಲೆ. ಗದರುವುದರಿಂದ ಕೆಲಸ ಕೆಡುತ್ತದೆ. ದೋಷಾರೋಪಣೆ ಹೆಚ್ಚಿರುವ ಮನೆಗಳಿಗೆ ಮರಳಿದವರಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು ಎಂದು ಲಂಡನ್ನಿನ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು 1972ರಲ್ಲೇ ತೋರಿಸಿದ್ದಾರೆ.

ಹಾಗೆಂದು ಮಾತ್ರೆ ಬಿಡುವಂತಿಲ್ಲ. ಆಗುಂಬೆ ಘಾಟಿ ಹತ್ತಿದರೆ ಸಿಗುವ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 2005ರಿಂದ ಸ್ಕಿಜೋಫ್ರೀನಿಯಾ ರೋಗಿಗಳನ್ನು ಅವರ ಊರಿನಲ್ಲೇ ಗುರುತಿಸಿ ಗಮನಿಸುತ್ತ ಬಂದರು. ಸ್ವಂತ ಆರೈಕೆ, ಜನರೊಡನೆ ಬೆರೆಯುವಿಕೆ, ಮಾತುಕತೆ, ದುಡಿಮೆ ಇವುಗಳನ್ನೂ ಅಳೆದರು. ಮಾತ್ರೆ ತೆಗೆದುಕೊಂಡವರಲ್ಲಿ ಅಸಾಮರ್ಥ್ಯ, ತೆಗೆದುಕೊಳ್ಳದವರಿಗಿಂತ ಕಡಿಮೆಯಿತ್ತು. ಜಡತೆಗೆ ಕೆಲವೊಮ್ಮೆ ಮಾತ್ರೆಯ ಅಡ್ಡಪರಿಣಾಮವೋ ಖಿನ್ನತೆಯೋ ಕಾರಣವಾಗಿರಬಹುದು. ಅದನ್ನು ವೈದ್ಯರು ಕಂಡುಹಿಡಿದು ಸರಿಪಡಿಸಬಲ್ಲರು, ಅವರಿಗೆ ಹೇಳಿದರೆ.

ಹುಟ್ಟಾ ಮಿತಭಾಷಿಯಾದ ಮಗುವಿನ ಬಗ್ಗೆ ಗಾಬರಿ ಬೇಡ. ನೋಡಬೇಕಾದದ್ದು ಬದಲಾವಣೆಯನ್ನು. ಮೊದಲು ಚುರುಕಾಗಿದ್ದವರು ವಾರಗಟ್ಟಲೆ ಕೋಣೆಯಲ್ಲೇ ಉಳಿದು, ಅಂಕವೂ ಇಳಿದು, ಅಂಗಿ ಬದಲಿಸುವುದನ್ನೂ ಬಿಟ್ಟರೆ ಮನೋವೈದ್ಯರನ್ನು ಕಾಣಬೇಕು. ಎಲ್ಲಿಗೆ ಹೋಗುವುದೆಂದು ತಿಳಿಯದವರು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಕೇಳಬಹುದು.