ಬದುವಿಗೆ ಕೋರ್ಟು, ಮನೆಗೆ ಬ್ರೋಕರ್ ಮಾತು

ರೈತ ಬಾಂಧವರೇ, ಇವತ್ತು ಬೆಳೆ ವಿಚಾರ ಅಲ್ಲ. ಸ್ವಲ್ಪ ಖಾರವಾಗಿಯೇ ಬರೀತಿದ್ದೀನಿ, ಬೇಜಾರು ಮಾಡ್ಕೋಬೇಡಿ.

ಅರ್ಧ ಅಡಿ ಬದು ಒತ್ತಿದ ಅಂತ ಅಣ್ಣತಮ್ಮಂದಿರು ಹತ್ತು ವರ್ಷ ಕೋರ್ಟಿಗೆ ಅಲೀತೀವಿ. ಅದೇ ನಾವು, ಜಮೀನು ಮಾರಿದ ದುಡ್ಡೋ ಪರಿಹಾರದ ದುಡ್ಡೋ ಹಿಡ್ಕೊಂಡು ಕೆಂಗೇರಿ ಕಡೆ ಮಗನಿಗೊಂದು ಮನೆ ತಗೊಳ್ಳೋವಾಗ ಒಂದು ಟೇಪೂ ಹಿಡಿಯಲ್ಲ. ವಾಸ್ತು ನೋಡೋರಿಗೆ ಕೊಡ್ತೀವಿ, ವಕೀಲರಿಗೆ ಕೊಡ್ತೀವಿ, ಬ್ರೋಕರ್‌ಗೆ ಕಮಿಷನ್ ಕೊಡ್ತೀವಿ. ಸರ್ವೆ ಅಂದ್ರೆ ಮಾತ್ರ "ಅದ್ಯಾಕೆ ಬಿಡಿ, ಪೇಪರ್ ಎಲ್ಲಾ ಕ್ಲಿಯರ್ ಐತೆ".

ಪೇಪರ್ ಕ್ಲಿಯರ್ ಇದ್ರೆ ಸಾಕು ಅನ್ನೋದೇ ದೊಡ್ಡ ಸುಳ್ಳು. ಇಸಿ, ಖಾತೆ, ಕಂದಾಯ ರಶೀದಿ ಹೇಳೋದು ಯಾರ ಹೆಸರಲ್ಲಿದೆ, ಸಾಲ ಇದೆಯಾ, ತೆರಿಗೆ ಕಟ್ಟಿದ್ದಾರಾ ಅಂತ. ಆ ಗೋಡೆ ಯಾರ ನೆಲದ ಮೇಲೆ ನಿಂತಿದೆ ಅಂತ ಹೇಳೋದು ಅಳತೆ ಮಾತ್ರ. 2016ರ ಆಗಸ್ಟ್‌ನಲ್ಲಿ ಅರೆಕೆರೆ ಕಡೆ ಅವನಿ ಶೃಂಗೇರಿ ನಗರದಲ್ಲಿ ರಾಜಕಾಲುವೆ ಮೇಲಿದೆ ಅಂತ ಪಾಲಿಕೆ ಮನೆಗಳನ್ನ ಕೆಡವಿದ್ದು ಮರೆತ್ರಾ? ಆ ಜನ ಖಾತೆ ಇದೆ, ಬ್ಯಾಂಕ್ ಸಾಲ ಇದೆ ಅಂತ ಕಾಗದ ಹಿಡ್ಕೊಂಡೇ ಅತ್ತರು. ಜೆಸಿಬಿ ನಿಲ್ಲಲಿಲ್ಲ. ನಮ್ಮ ಕಡೆಯೂ ವೃಷಭಾವತಿಗೆ ಸೇರೋ ಹಳ್ಳಗಳು ಕಮ್ಮಿ ಇಲ್ಲ.

ಇನ್ನು ಸರ್ವೆ ಅಂದ್ರೆ ಎಲ್ಲಾ ಒಂದೇ ಅಲ್ಲ. ಯಾವ ನೆಲಕ್ಕೆ ಯಾವ ಅಳತೆ ಅಂತ ತಿಳ್ಕೊಳ್ಳಿ.

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಹಳೇ ಬಡಾವಣೆಗಳಲ್ಲಿ ಹಂಚಿಕೆಯಾದ ಸೈಟಾದ್ರೆ, ಸ್ವಾಧೀನ ಪತ್ರದಲ್ಲಿರೋ ಅಳತೆ, ಬಡಾವಣೆ ನಕ್ಷೆ, ನೆಲದ ಅಳತೆ ಮೂರೂ ತಾಳೆ ಆಗಬೇಕು. ಅಲ್ಲಿ 30x40 ಸೈಟನ್ನ ಅಣ್ಣತಮ್ಮಂದಿರು 15 ಅಡಿಗೆ ಸೀಳಿಕೊಂಡು ಗೋಡೆಗೆ ಗೋಡೆ ಕಟ್ಟಿರ್ತಾರೆ. ಒಬ್ಬ ಒಳ್ಳೆ ಇಂಜಿನಿಯರ್ ಕರ್ಕೊಂಡು ಹೋಗಿ ಅಳೆಸಿ, ಕಟ್ಟಡವನ್ನೂ ನೋಡಿಸಿ.

ಕೆಂಗೇರಿ ಆಚೆಗೆ, ನಿನ್ನೆ ಮೊನ್ನೆವರೆಗೆ ರಾಗಿ ಹೊಲ ಆಗಿದ್ದ ಕಡೆ ಆ ಲೆಕ್ಕ ನಡೆಯಲ್ಲ. ಒಂದು ಸರ್ವೆ ನಂಬರಿನಲ್ಲಿ ಭಾಗ ತಗೊಳ್ಳೋದಾದ್ರೆ 11-ಇ ನಕ್ಷೆ ಬೇಕು. ಪೂರ್ತಿ ನಂಬರಿನ ಗಡಿ ಗೊತ್ತಾಗಬೇಕಾದ್ರೆ ಹದ್ದುಬಸ್ತು. ಇದರಲ್ಲಿ ಅಕ್ಕಪಕ್ಕದವರಿಗೆ ನೋಟಿಸ್ ಕೊಟ್ಟು, ಅವರ ಎದುರಿಗೇ ಗಡಿ ತೋರಿಸ್ತಾರೆ. ಅರ್ಜಿ ಹಾಕಬೇಕಾದವರು ಪಹಣಿಯಲ್ಲಿ ಹೆಸರಿರೋ ಮಾಲೀಕರು. ಆದ್ದರಿಂದ ಪೂರ್ತಿ ದುಡ್ಡು ಕೊಡೋ ಮುಂಚೆ ಮಾರೋರ ಕೈಲೇ ಹಾಕಿಸಿ, ಕರಾರಿನಲ್ಲೂ ಬರೆಸಿ. ಆ ಹೊಲ ಆಗಲೇ ಸೈಟುಗಳಾಗಿದ್ರೂ ಮೊದಲು ಹೊರಗಡಿ ಎಲ್ಲಿ ಅಂತ ಕೇಳಿ. ಹೊರಗಡಿ ಗೊತ್ತಿಲ್ಲದೆ ಒಳಗಿನ ಸೈಟ್ ಅಳೆದು ಏನು ಪ್ರಯೋಜನ?

ಜೊತೆಗೆ ಗ್ರಾಮನಕ್ಷೆ ತಗೊಳ್ಳಿ. ಹಳ್ಳ, ಕೆರೆ, ಬಂಡಿದಾರಿ ಅದರಲ್ಲಿರುತ್ತೆ. ಪಹಣಿಯ 3ನೇ ಕಾಲಂನಲ್ಲಿ ಖರಾಬು ನೋಡಿ. ಬಿ ಖರಾಬು ಅಂದ್ರೆ ಸಾರ್ವಜನಿಕರದ್ದು, ಅದನ್ನ ಮಾರೋಕೆ ಯಾರಪ್ಪಂಗೂ ಹಕ್ಕಿಲ್ಲ.

ಇನ್ನೊಂದು ಲೆಕ್ಕ. ಎಕರೆಗೆ 40 ಗುಂಟೆ, ಅಂದ್ರೆ 43,560 ಚದರಡಿ. ರಸ್ತೆಯನ್ನೇ ಬಿಡದಿದ್ರೂ 30x40 ಸೈಟು 36 ಮಾತ್ರ ಆಗುತ್ತೆ. ಎಕರೆಗೆ ಮೂವತ್ತು ಚಿಲ್ಲರೆ ಸೈಟ್ ಮಾಡಿದೀವಿ ಅಂದ್ರೆ ರಸ್ತೆ ಎಲ್ಲಿಂದ ಬಂತು ಅಂತ ನೀವೇ ಕೇಳಿ.

"ಮೊಬೈಲಲ್ಲೇ ದಿಶಾಂಕ್ ತೆಗೆದು ನೋಡಿದೀವಲ್ಲ" ಅಂತಾರೆ. ದಿಶಾಂಕ್ ಒಳ್ಳೇದೇ, ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀವಿ ಅಂತ ಅಂದಾಜು ಸಿಗುತ್ತೆ. ಆದ್ರೆ ಫೋನಿನ ಜಿಪಿಎಸ್ ಐದು ಮೀಟರ್ ಆಚೀಚೆ ಆಗೋದು ಮಾಮೂಲು. ಐದು ಮೀಟರ್ ಅಂದ್ರೆ 16 ಅಡಿ, 30 ಅಡಿ ಸೈಟಿನಲ್ಲಿ ಅರ್ಧಕ್ಕಿಂತ ಜಾಸ್ತಿ!

"ಸರ್ವೆಗೆ ತಿಂಗಳುಗಟ್ಟಲೆ ಕಾಯಬೇಕು, ಅಷ್ಟರಲ್ಲಿ ಬೇರೆಯವರು ಎತ್ಕೊಂಡು ಹೋಗ್ತಾರೆ" ಅನ್ನೋರೂ ಇದ್ದಾರೆ. ತಡ ಆಗೋದು ನಿಜ, ಅದಕ್ಕೆ ಇಲಾಖೆಯನ್ನ ಬೈಯೋಣ. ಆದ್ರೆ ಅಳತೆ ಬೇಡ ಅಂತ ಅವಸರ ಮಾಡೋನಿಗೆ ಆ ಜಾಗದ ಹುಳುಕು ಗೊತ್ತಿರುತ್ತೆ. ಎತ್ಕೊಂಡು ಹೋಗಲಿ ಬಿಡಿ.

ಕೊನೆಗೆ ಮಾರೋ ನಮ್ಮವರಿಗೂ ಒಂದು ಮಾತು. ಪೋಡಿ ಆಗದ ಜಮೀನನ್ನ ಕೈ ಬೀಸಿ "ಆ ಬೇವಿನ ಮರದವರೆಗೂ ನಂದೇ" ಅಂತ ತೋರಿಸಿ ಮಾರೋದು ನಾವೇ ತಾನೇ? ಆ ಮರ ಕಡಿದ ಮೇಲೆ ಜಗಳ ಆಡೋದು ಕೊಂಡೋರ ಮಕ್ಕಳು. ನಾಳೆ ನಮ್ಮ ಮಕ್ಕಳೂ ಇನ್ನೊಬ್ಬರ ಹೊಲದಲ್ಲಿ ಮನೆ ಕೊಳ್ಳೋರೇ. ಮೊದಲು ಪೋಡಿ ಮಾಡಿಸಿ, ಕಲ್ಲು ನೆಡಿಸಿ, ಆಮೇಲೆ ಮಾರಿ. ಕೊಳ್ಳೋರು ಕಲ್ಲು ನೋಡದೆ ಅಡ್ವಾನ್ಸ್ ಕೊಡಬೇಡಿ.