ರಿಪೇರಿ ಪಟ್ಟಿಯನ್ನು ಒಡೆದು ಬರೆಯಿರಿ

ಕಾರಿನ ರಿಪೇರಿ ಮುಂದಕ್ಕೆ ಹಾಕುವವರನ್ನು ಸೋಮಾರಿಗಳು ಅಂದುಬಿಡುವುದು ಸುಲಭ. ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆಯ ಜನರ ವಿಷಯದಲ್ಲಿ ನಾನು ಆ ಮಾತು ಒಪ್ಪುವುದಿಲ್ಲ. ಇಲ್ಲಿ ಕೈಗೆ ದುಡ್ಡು ಬರುವುದಕ್ಕೆ ಕಾಲವಿದೆ. ಹುಣಸೆಹಣ್ಣು ಮಾರಿದಾಗ ಒಂದಿಷ್ಟು, ಕಡಲೆಕಾಯಿ ಮಂಡಿಗೆ ಹಾಕಿದಾಗ ಒಂದಿಷ್ಟು. ಗಾಡಿ ಕೆಡುವುದಕ್ಕೆ ಮಾತ್ರ ಕಾಲವೆಂಬುದಿಲ್ಲ. ‘ದಂಡಿನ ಮಾರಮ್ಮನ ಜಾತ್ರೆ ಮುಗೀಲಿ, ಆಮೇಲೆ ನೋಡೋಣ’ ಅನ್ನುವವರು ಮನೆಯ ಖರ್ಚುಗಳನ್ನು ಸಾಲಾಗಿ ನಿಲ್ಲಿಸಿಕೊಂಡೇ ಹಾಗೆ ಹೇಳಿರುತ್ತಾರೆ. ಸಂಬಳ ಬರುವ ನಮ್ಮ ಮನೆಯಲ್ಲೂ ಮಗಳ ಕಾಲೇಜು ಫೀಸು ಕಟ್ಟುವ ತನಕ ಬೇರೆ ಯಾವುದಕ್ಕೂ ಕೈ ಹಾಕುವ ಹಾಗಿಲ್ಲ.

ನಾನು ಮಧುಗಿರಿಯಿಂದ ಪಾವಗಡ ತಾಲ್ಲೂಕಿನ ಶಾಲೆಗೆ ಹೋಗಿಬರುವ ಶಿಕ್ಷಕಿ. ಹಳೆಯ ವ್ಯಾಗನ್ ಆರ್ ಇದೆ. ಜೊತೆಗೆ ಮೂವರು ಸಹೋದ್ಯೋಗಿಗಳು ಬರುತ್ತಾರೆ, ಪೆಟ್ರೋಲಿನ ದುಡ್ಡು ಹಂಚಿಕೊಳ್ಳುತ್ತೇವೆ. ತುಮಕೂರು–ರಾಯದುರ್ಗ ರೈಲು ಮಾರ್ಗದ ಕೆಲಸ ವರ್ಷಗಟ್ಟಲೆ ಎಳೆದಿದೆ. ಶಾಲೆಯ ಹೊತ್ತಿಗೆ ಸರಿಯಾಗಿ ಸಿಗುವ ಬಸ್ಸುಗಳು ಕಡಿಮೆ. ಹೀಗೆ ಕಾರು ಹಂಚಿಕೊಂಡು ಓಡಾಡುವ ಶಿಕ್ಷಕರು, ನರ್ಸುಗಳು, ಬ್ಯಾಂಕಿನವರು ಈ ದಾರಿಯಲ್ಲಿ ಬೇಕಾದಷ್ಟು ಜನ ಇದ್ದಾರೆ.

ಬೇಸಿಗೆಯಲ್ಲಿ ಒಂದು ದಿನ ಮಿಡಿಗೇಶಿ ದಾಟುತ್ತಿದ್ದ ಹಾಗೆ ಟೆಂಪರೇಚರ್ ಮುಳ್ಳು ಮೇಲಕ್ಕೆ ಹೋಯಿತು, ಬಾನೆಟ್ಟಿನ ಸಂದಿಯಿಂದ ಆವಿ ಬಂತು. ಗಾಡಿ ಬದಿಗೆ ಹಾಕಿ ಇಂಜಿನ್ ಆಫ್ ಮಾಡಿ ಇಳಿದೆವು. ಪಕ್ಕದ ಹೊಲದವರು ಬಿಂದಿಗೆಯಲ್ಲಿ ನೀರು ತಂದರು, ಅವರ ಒಳ್ಳೆಯತನ. ನಮ್ಮ ಗ್ಯಾರೇಜಿನ ಭಾಯ್‌ಗೆ ಫೋನ್ ಮಾಡಿದಾಗ ಅವರು ಹೇಳಿದ ಮೊದಲ ಮಾತು, ‘ಟೀಚರ್, ಮುಚ್ಚಳ ಮುಟ್ಟಬೇಡಿ, ನೀರು ಹಾಕಬೇಡಿ, ತಣ್ಣಗಾಗೋ ತನಕ ನೆರಳಲ್ಲಿ ಕೂತ್ಕೊಳ್ಳಿ.’ ಕಾದ ರೇಡಿಯೇಟರಿನ ಮುಚ್ಚಳ ತೆಗೆದರೆ ಒತ್ತಡದಲ್ಲಿದ್ದ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಸುಡುವ ಇಂಜಿನ್ನಿಗೆ ತಣ್ಣೀರು ಸುರಿದರೆ ಅಲ್ಯೂಮಿನಿಯಂ ಹೆಡ್ ಬಿರುಕು ಬಿಡಬಹುದು, ಸೊಟ್ಟಗಾಗಬಹುದು. ಗಾಡಿ ಓಡಿಸುವ ಪ್ರತಿಯೊಬ್ಬರಿಗೂ ಇಷ್ಟಾದರೂ ಗೊತ್ತಿರಬೇಕು.

ಸಂಜೆ ಗ್ಯಾರೇಜಿನಲ್ಲಿ ಭಾಯ್ ರೇಡಿಯೇಟರಿನ ಬಾಯಿಯೊಳಗೆ ಬೆರಳಾಡಿಸಿ ತೆಗೆದರು. ಬೆರಳ ತುದಿಯಲ್ಲಿ ತುಕ್ಕು ಬಣ್ಣದ ಕೆಸರು, ಅದರೊಳಗೆ ಬಿಳಿ ಹಕ್ಕಳೆ. ಬಚ್ಚಲ ಹಂಡೆಯೊಳಗೆ ನಾವು ದಿನಾ ನೋಡುವ ಅದೇ ಹಕ್ಕಳೆ. ಗಾಳಿಗೆ ಮೈಯೊಡ್ಡಿ ನಿಂತ ರೇಡಿಯೇಟರಿನ ಸಣ್ಣ ಸಣ್ಣ ಕೊಳವೆಗಳಲ್ಲಿ ಅದು ಕಟ್ಟಿಕೊಂಡರೆ ನೀರು ಸುತ್ತುವುದಿಲ್ಲ, ಬಿಸಿ ಹೊರಗೆ ಹೋಗುವುದಿಲ್ಲ.

ಪಾವಗಡದ ಬೋರ್‌ವೆಲ್ ನೀರಿನ ಕಥೆ ನಾಡಿಗೆಲ್ಲ ಗೊತ್ತು. ನಮ್ಮ ಶಾಲೆಯ ಮಕ್ಕಳ ಹಲ್ಲಿನ ಮೇಲೆ ಫ್ಲೋರೈಡಿನ ಕಂದು ಗೆರೆ ನೋಡಿದ್ದೇನೆ. ಅದಕ್ಕೇ ಕುಡಿಯಲು ಶುದ್ಧ ನೀರಿನ ಘಟಕಕ್ಕೆ ಕ್ಯಾನ್ ಹಿಡಿದು ಹೋಗುತ್ತೇವೆ. ಗಾಡಿಗೆ ಮಾತ್ರ ಕೊಳಾಯಿ ಕೆಳಗಿನ ಬಕೆಟ್ಟೇ ಸಾಕು ಅನ್ನುತ್ತೇವೆ. ಹಲ್ಲು ಕೆಡಿಸುವುದು ಫ್ಲೋರೈಡ್, ರೇಡಿಯೇಟರ್ ಕಟ್ಟಿಸುವುದು ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ. ಇನ್ನೊಂದು ವಿಷಯವಿದೆ. ಸಮುದ್ರಮಟ್ಟಕ್ಕಿಂತ ಎತ್ತರದಲ್ಲಿರುವ ನಮ್ಮ ಬಯಲುಸೀಮೆಯಲ್ಲಿ, ಮುಚ್ಚಳದ ಒತ್ತಡ ಇಲ್ಲದಿದ್ದರೆ ಬರೀ ನೀರು 100 ಡಿಗ್ರಿ ಮುಟ್ಟುವ ಮೊದಲೇ ಕುದಿಯುತ್ತದೆ. ಕೂಲಂಟ್ ಬೇಗ ಕುದಿಯುವುದಿಲ್ಲ, ಒಳಗೆ ತುಕ್ಕು ಹಿಡಿಯಲೂ ಬಿಡುವುದಿಲ್ಲ. ಹೀಟ್ ಆಗುತ್ತದೆಂದು ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತು ‘ಡೈರೆಕ್ಟ್’ ಮಾಡಿಸುವ ಅಭ್ಯಾಸವೂ ಇದೆ. ಕಟ್ಟಿಕೊಂಡ ಕೊಳವೆ ಅದರಿಂದ ಬಿಡುವುದಿಲ್ಲ.

ನಾನು ಮುಖ್ಯವಾಗಿ ಹೇಳಬೇಕಾದದ್ದು ಈಗ ಬರುತ್ತದೆ. ಮಿಡಿಗೇಶಿ ಬಳಿ ನಿಲ್ಲುವುದಕ್ಕೆ ಕೆಲವು ತಿಂಗಳ ಹಿಂದೆಯೇ ಭಾಯ್ ಗಾಡಿ ನೋಡಿ, ಆಗಬೇಕಾದ ಕೆಲಸವನ್ನೆಲ್ಲ ಒಂದೇ ಉಸಿರಿಗೆ ಹೇಳಿದ್ದರು: ಶಾಕ್ ಅಬ್ಸಾರ್ಬರ್, ಏಸಿ ಗ್ಯಾಸು, ಹಿಂದಿನ ಬಾಗಿಲ ಲಾಕು, ರೇಡಿಯೇಟರ್ ಫ್ಲಶಿಂಗು, ಕ್ಲಚ್ಚು. ಎಲ್ಲ ಸೇರಿ 20 ಸಾವಿರದ ಮೇಲೆ. ಆ ಮೊತ್ತ ಕೇಳಿದ ಯಾವ ಮನೆಯಲ್ಲಾದರೂ ‘ಆಮೇಲೆ ನೋಡೋಣ’ ಅಂತಲೇ ಅನ್ನುತ್ತಾರೆ. ಅದರಲ್ಲಿ ಫ್ಲಶ್ ಮಾಡಿ ಹೊಸ ಕೂಲಂಟ್ ತುಂಬಿಸುವ ಕೆಲಸಕ್ಕೆ 2 ಸಾವಿರವೂ ಬೇಕಿರಲಿಲ್ಲ. ತುರ್ತಿನ ಸಣ್ಣ ಕೆಲಸ, ಕಾಯಬಹುದಾದ ದೊಡ್ಡ ಕೆಲಸಗಳ ಜೊತೆ ಸೇರಿಕೊಂಡು ತಾನೂ ಮುಂದಕ್ಕೆ ಹೋಯಿತು. ಹೆಡ್ ಗ್ಯಾಸ್ಕೆಟ್ ಹೋಗಿ ಇಂಜಿನ್ ಬಿಚ್ಚುವ ಕೆಲಸಕ್ಕೆ ಬಂದಿದ್ದರೆ ಆ 20 ಸಾವಿರ ಅದೊಂದಕ್ಕೇ ಆಗುತ್ತಿತ್ತು. ಪುಣ್ಯಕ್ಕೆ ಖರ್ಚು ಹೊಸ ರೇಡಿಯೇಟರಿಗೇ ನಿಂತಿತು.

ನಮ್ಮಲ್ಲಿ ರಿಪೇರಿ ನಿಲ್ಲುವುದು ಬಹುಪಾಲು ಹೀಗೆಯೇ ಎಂದು ನನಗೆ ಖಾತ್ರಿಯಾಗಿದೆ. ಆದ್ದರಿಂದ ಮೆಕ್ಯಾನಿಕ್ ಅಣ್ಣಂದಿರಲ್ಲಿ ನನ್ನ ಕೋರಿಕೆ: ಬಾಯಿಮಾತಿನಲ್ಲಿ ಒಟ್ಟು ಮೊತ್ತ ಹೇಳಬೇಡಿ. ಒಂದು ಚೀಟಿಯಲ್ಲಿ ಎರಡು ಭಾಗ ಮಾಡಿ ಬರೆದುಕೊಡಿ. ಬ್ರೇಕು, ಸ್ಟೀರಿಂಗು, ಟೈರು, ಇಂಜಿನ್ ತಣ್ಣಗಿಡುವ ವ್ಯವಸ್ಥೆ, ಪೆಟ್ರೋಲ್ ಸೋರಿಕೆ ಒಂದು ಕಡೆ; ಇವು ಕಾಯುವಂಥವಲ್ಲ. ಏಸಿ, ಲಾಕು, ಡೆಂಟು, ಪೇಂಟು ಇನ್ನೊಂದು ಕಡೆ. ಪ್ರತಿಯೊಂದರ ಎದುರಿಗೆ ದರ ಇರಲಿ. ಗಿರಾಕಿ ಅವತ್ತು ಒಂದೇ ಕೆಲಸ ಮಾಡಿಸಿದರೂ ಬೇಕಾದ ಕೆಲಸವನ್ನೇ ಮಾಡಿಸುತ್ತಾನೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ, ಇಲ್ಲಿ ಒಂದು ಗಾಡಿ ಒಬ್ಬರದಲ್ಲ. 2022ರ ಮಾರ್ಚ್ 19ರಂದು ಪಾವಗಡದ ಪಳವಳ್ಳಿ ಕಟ್ಟೆ ಬಳಿ ಜನ ಕಿಕ್ಕಿರಿದಿದ್ದ ಖಾಸಗಿ ಬಸ್ ಮಗುಚಿ ಓದುವ ಮಕ್ಕಳು ಪ್ರಾಣ ಕಳೆದುಕೊಂಡರು. ಅದೇ ವರ್ಷ ಆಗಸ್ಟ್ 25ರಂದು ಶಿರಾ ತಾಲ್ಲೂಕಿನ ಹೆದ್ದಾರಿಯಲ್ಲಿ, ರಾಯಚೂರು ಕಡೆಯ ಕೂಲಿಕಾರರನ್ನು ತುಂಬಿಕೊಂಡು ಬೆಂಗಳೂರಿಗೆ ಹೊರಟಿದ್ದ ಕ್ರೂಸರ್ ವಾಹನ ಲಾರಿಗೆ ಡಿಕ್ಕಿಯಾಗಿ ಒಂಬತ್ತು ಜನ ಸತ್ತರು. ಬೇರೆ ದಾರಿಯಿಲ್ಲದೆ ಒಂದೇ ಗಾಡಿಗೆ ಅಷ್ಟು ಜನ ಹತ್ತುವ ಸೀಮೆ ಇದು. ಹತ್ತಿದವರು ಬ್ರೇಕು ನೋಡಿ ಹತ್ತುವುದಿಲ್ಲ, ಓಡಿಸುವವರನ್ನು ನಂಬಿ ಹತ್ತುತ್ತಾರೆ.

ಸಹಕಾರ ಸಂಘಗಳಿಗೂ ಒಂದು ಮಾತು. ನಮ್ಮ ವ್ಯವಸಾಯ ಸೇವಾ ಸಹಕಾರ ಸಂಘಗಳು ಬೆಳೆಸಾಲ ಕೊಡುತ್ತವೆ, ಒಡವೆ ಸಾಲ ಕೊಡುತ್ತವೆ. ಹೂವು, ತರಕಾರಿ ಸಾಗಿಸುವ ಲಗೇಜ್ ಆಟೋದವನು ಬ್ರೇಕ್ ರಿಪೇರಿಗೆಂದು ಹೆಂಡತಿಯ ಓಲೆ ಅಡವಿಡುವುದನ್ನು ಕಂಡಿದ್ದೇನೆ. 5–10 ಸಾವಿರದ ರಿಪೇರಿ ಸಾಲವನ್ನು ಗ್ಯಾರೇಜಿನ ಚೀಟಿ ನೋಡಿ ಕೊಟ್ಟು, ಕಡಲೆಕಾಯಿ ಸುಗ್ಗಿಯಲ್ಲಿ ವಸೂಲು ಮಾಡಿಕೊಳ್ಳುವುದು ಆಡಳಿತ ಮಂಡಳಿಗಳು ಮನಸ್ಸು ಮಾಡಿದರೆ ಆಗುವ ಕೆಲಸ.

ಶ್ರಾವಣದ ಶನಿವಾರಗಳಲ್ಲಿ ಪಾವಗಡದ ಶನಿಮಹಾತ್ಮನ ದರ್ಶನಕ್ಕೆ, ಶುಕ್ರವಾರ ಗೊರವನಹಳ್ಳಿ ಲಕ್ಷ್ಮಿಯ ಬಳಿಗೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೊರಡುತ್ತೀರಿ. ಹೊರಡುವ ಹಿಂದಿನ ದಿನ, ಇಂಜಿನ್ ತಣ್ಣಗಿರುವಾಗ, ರೇಡಿಯೇಟರಿನ ಮುಚ್ಚಳ ತೆಗೆದು ಒಳಗೆ ನೋಡಿ. ನೀರು ಕೆಂಪು ಕೆಸರಾಗಿದ್ದರೆ ಅವತ್ತೇ ಗ್ಯಾರೇಜಿಗೆ ಹೋಗಿ.