ಹೆಸರು ಹಾಕಿಸಿಕೊಂಡವರೇ ಹೊಣೆಯಾಗಲಿ: ಬಡಾವಣೆಗಳ ಬೀದಿಬದಿಯ ಅನಧಿಕೃತ ಫಲಕಗಳನ್ನು ಕುರಿತು ಬೆಂಗಳೂರಿನ ನಿವಾಸಿಗಳಲ್ಲಿ ಒಂದು ವಿಜ್ಞಾಪನೆ



ಅಪರಾಧಗಳಲ್ಲಿ ಬಹುಪಾಲು ಕತ್ತಲೆಯನ್ನು ಬಯಸತಕ್ಕವು; ಮಾಡಿದವನು ತನ್ನ ಗುರುತು ಉಳಿಯದಂತೆ ಎಚ್ಚರ ವಹಿಸುವನು. ಬೆಂಗಳೂರಿನ ಬಡಾವಣೆಗಳಲ್ಲಿ ದಿನದಿನವೂ ನಡೆಯುತ್ತಿರುವ ಒಂದು ಅಪರಾಧ ಮಾತ್ರ ಈ ನಿಯಮಕ್ಕೆ ಹೊರತಾದದ್ದು. ಪೌರಾಡಳಿತದ ಲಿಖಿತ ಅನುಮತಿಯಿಲ್ಲದೆ ವಿದ್ಯುತ್ ಕಂಬಕ್ಕೆ, ಮರದ ಕಾಂಡಕ್ಕೆ, ಉದ್ಯಾನದ ಬೇಲಿಗೆ, ಕಡೆಗೆ ರಸ್ತೆಯ ಹೆಸರನ್ನು ಬರೆದ ಹಲಗೆಗೂ ಜಾಹೀರಾತನ್ನು ಕಟ್ಟಿಸುವವನು ಅದರ ಮೇಲೆ ತನ್ನ ಹೆಸರನ್ನೂ, ವಿಳಾಸವನ್ನೂ, ದೂರವಾಣಿ ಸಂಖ್ಯೆಯನ್ನೂ, ಎಷ್ಟೋ ವೇಳೆ ತನ್ನ ಭಾವಚಿತ್ರವನ್ನೂ ಎದ್ದು ಕಾಣುವಂತೆ ಮುದ್ರಿಸಿಯೇ ಕಟ್ಟಿಸುವನು. ಹೀಗಿದ್ದರೂ, ಕಟ್ಟಿದವರು ಯಾರೆಂದು ತಿಳಿಯದೆಂಬ ಉತ್ತರವೇ ದೂರಿತ್ತವರಿಗೆ ಮತ್ತೆ ಮತ್ತೆ ದೊರೆಯುತ್ತಿರುವುದು. ಈ ಉತ್ತರವನ್ನು ಇನ್ನು ಮೇಲೆ ನಾವು ಅಂಗೀಕರಿಸಬಾರದೆಂದು ಹೇಳುವುದಕ್ಕಾಗಿಯೇ ಈ ಕರಪತ್ರ ಹೊರಟಿದೆ.

ನಮ್ಮ ಬಡಾವಣೆಗಳು ಹೀಗಿರಲೆಂದು ಕಲ್ಪಿತವಾದುವಲ್ಲ. 1898ರಲ್ಲಿ ಪ್ಲೇಗು ಊರನ್ನು ಆವರಿಸಿ, ಪೇಟೆಯ ಇಕ್ಕಟ್ಟಾದ ಗಲ್ಲಿಗಳಲ್ಲಿ ಸಾವು ಮನೆಗಳನ್ನು ಹೊಕ್ಕ ಆ ಕಾಲದಲ್ಲಿ, ಮನುಷ್ಯನ ವಾಸಕ್ಕೆ ಸೂರಿನಷ್ಟೇ ಗಾಳಿ ಬೆಳಕುಗಳೂ ಅವಶ್ಯಕವೆಂಬ ತಿಳಿವಳಿಕೆ ಬಲಿತು, ಬಸವನಗುಡಿ ಮಲ್ಲೇಶ್ವರಗಳು ಅಗಲವಾದ ಬೀದಿಗಳೊಡನೆ ಬೆಳೆದವು. ಅರ್ಧ ಶತಮಾನದ ತರುವಾಯ, 1948ರಲ್ಲಿ, ಜಯನಗರಕ್ಕೆ ಅಸ್ತಿಭಾರವಾದಾಗಲೂ ನಕ್ಷೆಯ ಹಿಂದಿದ್ದದ್ದು ಆ ತಿಳಿವಳಿಕೆಯೇ. ಸಾಲುಮರಗಳು, ನಿರಾತಂಕವಾದ ಕಾಲುದಾರಿ, ಅಡ್ಡರಸ್ತೆಗಳು ಕೂಡುವಲ್ಲಿ ಬರುವವರು ಹೋಗುವವರು ಒಬ್ಬರಿಗೊಬ್ಬರು ಕಾಣುವಷ್ಟು ತೆರಪು, ಇವು ಯಾವ ಒಬ್ಬನ ಸೊತ್ತೂ ಆಗದೆ ಎಲ್ಲರ ಸೊತ್ತಾಗಿ ನಮ್ಮ ಕೈಗೆ ಬಂದವು. ಡಿ.ವಿ. ಗುಂಡಪ್ಪನವರು ಪೌರಶಿಕ್ಷಣವನ್ನೇ ಧ್ಯೇಯವಾಗಿಟ್ಟುಕೊಂಡು 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದ ಊರು ಇದು. ಪ್ರಜೆಯಾದವನ ಹೊಣೆ ಮನೆಯ ಹೊಸ್ತಿಲಿಗೆ ಮುಗಿಯದೆಂಬ ಮಾತು ಇಲ್ಲಿಯವರಿಗೆ ಹೊಸದಾಗಿರಲಾರದು.

ಈಗ ಅದೇ ಬೀದಿಗಳಲ್ಲಿ ಒಂದು ಸುತ್ತು ಬಂದವರಿಗೆ ಕಾಣುವುದೇನು? ಕಂಬಕಂಬಕ್ಕೂ ಪಿ.ಜಿ. ವಸತಿ, ಟ್ಯೂಷನ್, ಕೊಳವೆಬಾವಿ, ಸಂಪು ಶುದ್ಧೀಕರಣ, ಕ್ಷಿಪ್ರ ಸಾಲ, ಊರಾಚೆಯ ನಿವೇಶನ. ಇವು ಸಣ್ಣವು. ಇವುಗಳ ಮೇಲೆ, ಸರ್ವೆ ಕಂಬಗಳನ್ನು ಕಾಲುದಾರಿಗೇ ಊರಿ ನಿಲ್ಲಿಸಿದ ಆಳೆತ್ತರದ ಫ್ಲೆಕ್ಸ್‌ಗಳು: ಮುಖಂಡರ ಹುಟ್ಟುಹಬ್ಬ, ಹೊಸ ಹುದ್ದೆಯ ಅಭಿನಂದನೆ, ಗಣೇಶೋತ್ಸವ, ರಾಜ್ಯೋತ್ಸವ, ಚಲನಚಿತ್ರದ ಬಿಡುಗಡೆ, ಅಡಿಯಲ್ಲಿ ‘ಶುಭ ಕೋರುವವರು’ ಎಂಬ ತಲೆಬರಹದೊಡನೆ ಸಾಲುಸಾಲು ಮುಖಗಳು. ಸಮಾರಂಭ ಮುಗಿದು ತಿಂಗಳಾದ ಮೇಲೂ ಅವು ಕೆಳಗಿಳಿಯವು. ಒಂದು ಹರಿದು ಜೋತಾಡುತ್ತಿರುವಾಗಲೇ ಅದರ ಮೇಲೆ ಮತ್ತೊಂದು ಏರುವುದು. ಕಾಲುದಾರಿ ಮುಚ್ಚಿಹೋದುದರಿಂದ ಊರುಗೋಲಿನ ವೃದ್ಧರೂ, ಕೈಗೂಸನ್ನೆತ್ತಿಕೊಂಡ ತಾಯಂದಿರೂ ವಾಹನಗಳ ನಡುವೆ ಇಳಿದು ನಡೆಯಬೇಕಾಗಿದೆ. ಶಾಲೆಯ ತಿರುವಿನಲ್ಲಿ ಕಟ್ಟಿದ ಫ್ಲೆಕ್ಸಿನ ಹಿಂದಿನಿಂದ ರಸ್ತೆಗೆ ಕಾಲಿಡುವ ಮಗು, ಅದರ ಮುಂದಿನಿಂದ ಬರುತ್ತಿರುವ ಸವಾರನಿಗೆ ಕಾಣುವುದು ಕೊನೆಯ ಕ್ಷಣದಲ್ಲಿ. ಮರಗಳ ಗತಿಯನ್ನು ಹೇಳಿ ತೀರದು. ತೊಗಟೆಯ ಒಳಪದರದಲ್ಲಿಯೇ ಎಲೆಗಳು ಸಿದ್ಧಪಡಿಸಿದ ಆಹಾರ ಬೇರಿಗೆ ಇಳಿಯುವುದು. ಅಲ್ಲಿ ಹೊಡೆದ ಒಂದೊಂದು ಮೊಳೆಯೂ ಬೂಷ್ಟಿಗೂ ಕೀಟಕ್ಕೂ ತೆರೆದ ಬಾಗಿಲಾಗುವುದು. ನಮ್ಮ ಹಿರಿಯರು ನೆಟ್ಟು ನೀರೆರೆದ ಮರಕ್ಕೆ ಹತ್ತು ವರ್ಷಗಳಲ್ಲಿ ಎಷ್ಟು ಮೊಳೆಗಳು ಇಳಿದಿವೆಯೆಂಬುದನ್ನು ಬೇಕಾದವರು ಹತ್ತಿರ ಹೋಗಿ ಮುಟ್ಟಿ ನೋಡಬಹುದು.

ಇದನ್ನು ಕೇವಲ ಕಣ್ಣಿನ ಸುಖದ ಪ್ರಶ್ನೆಯೆಂದು ತಿಳಿದವರು ಉಂಟು. ಅವರು ದಯವಿಟ್ಟು ನೆನೆಯಬೇಕು: 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ, ಚಿತ್ರನಟರೊಬ್ಬರ ಜನ್ಮದಿನಕ್ಕೆಂದು ಕಟೌಟನ್ನು ಮೇಲೆತ್ತುತ್ತಿದ್ದ ಯುವಕರಿಗೆ ವಿದ್ಯುತ್ ತಂತಿ ತಗುಲಿ ಮೂವರು ಪ್ರಾಣಬಿಟ್ಟರು. 2019ರ ಸೆಪ್ಟೆಂಬರ್ 12ರಂದು ಚೆನ್ನೈಯ ಪಳ್ಳಿಕರಣೆಯಲ್ಲಿ ಮದುವೆಯ ಸ್ವಾಗತಕ್ಕೆಂದು ರಸ್ತೆಯ ನಡುವೆ ಕಟ್ಟಿದ್ದ ಫಲಕ ಕಳಚಿ, ದ್ವಿಚಕ್ರ ವಾಹನದಲ್ಲಿ ಮನೆಗೆ ಮರಳುತ್ತಿದ್ದ 23 ವರ್ಷದ ಯುವತಿಯ ಮೇಲೆ ಬಿತ್ತು; ಆಯತಪ್ಪಿ ಉರುಳಿದ ಆಕೆಯ ಮೇಲೆ ಹಿಂದಿನಿಂದ ಬಂದ ಲಾರಿ ಹಾದುಹೋಯಿತು. 2024ರ ಮೇ 13ರಂದು ಮುಂಬಯಿಯ ಘಾಟ್‌ಕೋಪರಿನಲ್ಲಿ ಬಿರುಗಾಳಿಗೆ ಉರುಳಿದ ಮಹಾಫಲಕ 17 ಜನರನ್ನು ಬಲಿ ತೆಗೆದುಕೊಂಡಿತು. ಅಲ್ಲಿ 40 ಅಡಿ ಉದ್ದ 40 ಅಡಿ ಅಗಲವೇ ಮಿತಿಯಾಗಿದ್ದಾಗ, ಅದು 120 ಅಡಿ ಚೌಕದಷ್ಟು ಬೆಳೆದು ನಿಂತಿತ್ತು. ನಮ್ಮ ಬೀದಿಯ ಫಲಕಗಳು ಅಷ್ಟು ದೊಡ್ಡವಲ್ಲವೆಂಬುದು ನಿಜವೇ. ಆದರೆ ಮಳೆಗಾಲದ ಗಾಳಿಗೆ ಹಗ್ಗ ಸಡಿಲವಾದ ಒಂದು ಚೌಕಟ್ಟು ತಂತಿಗೆ ತಗುಲುವುದಕ್ಕೆ ಅಷ್ಟು ದೊಡ್ಡದಾಗಿರಬೇಕಾದುದಿಲ್ಲ.

ಶಾಸನವಿಲ್ಲವೆಂದೇನೂ ಇಲ್ಲ, ನಾಲ್ಕು ದಶಕಗಳಿಗೂ ಹಿಂದಿನಿಂದ ಇದೆ. ಕರ್ನಾಟಕ ತೆರೆದ ಸ್ಥಳಗಳ ವಿಕಾರಗೊಳಿಸುವಿಕೆ ತಡೆ ಅಧಿನಿಯಮವು 1981ರಲ್ಲಿಯೇ ಜಾರಿಗೆ ಬಂದು, ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿಯಿಲ್ಲದೆ ಜನರ ಕಣ್ಣಿಗೆ ಬೀಳುವ ಸ್ಥಳದಲ್ಲಿ ಜಾಹೀರಾತನ್ನು ಪ್ರದರ್ಶಿಸಿದವನಿಗೆ ಆರು ತಿಂಗಳವರೆಗಿನ ಕಾರಾಗೃಹವಾಸವನ್ನೋ ಸಾವಿರ ರೂಪಾಯಿಯವರೆಗಿನ ದಂಡವನ್ನೋ ಎರಡನ್ನೂ ಒಟ್ಟಿಗೆಯೋ ವಿಧಿಸಿರುವುದು. ಸಾವಿರ ರೂಪಾಯಿ ಆ ಕಾಲಕ್ಕೆ ದೊಡ್ಡ ಮೊತ್ತ. ಈಗ ಒಂದು ದೊಡ್ಡ ಫ್ಲೆಕ್ಸನ್ನು ಅಚ್ಚು ಹಾಕಿಸಿ ನಿಲ್ಲಿಸುವ ವೆಚ್ಚಕ್ಕೂ ಅದು ಸಾಲದು, ಆದಕಾರಣ ಅದನ್ನು ಏರಿಸಬೇಕಾದುದು ಶಾಸನಸಭೆಯ ಕರ್ತವ್ಯ. ಆದರೆ ಆ ಅಧಿನಿಯಮದಲ್ಲಿ ದಂಡಕ್ಕಿಂತಲೂ ಬೆಲೆಯುಳ್ಳ ಮತ್ತೊಂದು ಮಾತಿದೆ. ಫಲಕವು ಯಾರ ಪ್ರಯೋಜನಕ್ಕಾಗಿ ಕಟ್ಟಲ್ಪಟ್ಟಿತೋ ಆ ವ್ಯಕ್ತಿಯನ್ನೂ, ಅದೊಂದು ಸಂಸ್ಥೆಯಾಗಿದ್ದರೆ ಅದರ ಆಡಳಿತ ನಡೆಸತಕ್ಕವರನ್ನೂ, ತಮ್ಮ ಅರಿವಾಗಲಿ ಸಮ್ಮತಿಯಾಗಲಿ ಇಲ್ಲದೆ ಅದು ನಡೆಯಿತೆಂದು ಅವರೇ ಸಾಧಿಸಿ ತೋರಿಸದ ಹೊರತು, ಅಪರಾಧಿಗಳೆಂದೇ ಭಾವಿಸತಕ್ಕದ್ದು. ರಾತ್ರಿ ಏಣಿ ಹತ್ತಿ ಹಗ್ಗ ಬಿಗಿಯುವ ಕೂಲಿಯಾಳನ್ನು ಹುಡುಕಬೇಕಾದ ಪ್ರಮೇಯವೇ ಇಲ್ಲ. ಫಲಕದ ಮೇಲಿರುವ ಹೆಸರನ್ನು ಓದಿದರೆ ಸಾಕು.

ಕಾರ್ಯ ಅಸಾಧ್ಯವೆಂಬ ಮಾತೂ ನಿಲ್ಲದು. 2018ರ ಆಗಸ್ಟ್ 1ರಂದು ರಾಜ್ಯದ ಉಚ್ಚ ನ್ಯಾಯಾಲಯದ ಆಗಿನ ಮುಖ್ಯ ನ್ಯಾಯಮೂರ್ತಿ ದಿನೇಶ್ ಮಾಹೇಶ್ವರಿಯವರ ಪೀಠ ಪಾಲಿಕೆಯನ್ನು ತೀಕ್ಷ್ಣವಾಗಿ ಪ್ರಶ್ನಿಸಿದ ದಿನವೇ ಊರಿನ ತುಂಬ ಏಣಿಗಳು ಏರಿದವು, ಫ್ಲೆಕ್ಸ್‌ಗಳು ರಾಶಿರಾಶಿಯಾಗಿ ಇಳಿದವು. ಆಗಸ್ಟ್ 6ರಂದು ಪಾಲಿಕೆಯ ಸಭೆ ಹೊರಾಂಗಣ ಜಾಹೀರಾತುಗಳನ್ನು ಒಂದು ವರ್ಷ ನಿಷೇಧಿಸುವ ನಿರ್ಣಯವನ್ನೂ ಕೈಗೊಂಡಿತು. ಆ ದಿನಗಳಲ್ಲಿ ಬೀದಿಯ ಕೊನೆಯವರೆಗೂ ದೃಷ್ಟಿ ಹರಿದದ್ದನ್ನು ಕಂಡವರೆಲ್ಲ ಬಲ್ಲರು. ಆಳುಗಳೂ ಇದ್ದರು, ಲಾರಿಗಳೂ ಇದ್ದವು, ಅಧಿಕಾರವೂ ಇತ್ತು. ನ್ಯಾಯಾಲಯದ ಕಣ್ಣು ಅತ್ತ ತಿರುಗಿದ ಮೇಲೆ ಉಳಿಯದೆಹೋದದ್ದು ನಿತ್ಯದ ಪರಿಪಾಲನೆಯೊಂದೇ. ಅದಕ್ಕೂ ಮೊದಲು, 2016ರ ಮಾರ್ಚ್ ತಿಂಗಳಿನಲ್ಲಿಯೇ, ರಾಜ್ಯ ಸರ್ಕಾರ ಪ್ಲಾಸ್ಟಿಕ್ ಚೀಲಗಳೊಡನೆ ಫ್ಲೆಕ್ಸ್ ಬ್ಯಾನರುಗಳನ್ನೂ ನಿಷೇಧಿಸಿತ್ತು. ಪಾಲಿಯೆಸ್ಟರ್ ನೂಲಿನ ಬಲೆಗೆ ಪಿ.ವಿ.ಸಿ. ಲೇಪಿಸಿದ ಆ ಹಾಳೆ ಮಣ್ಣಿನಲ್ಲಿ ಕೊಳೆಯದು. ಸುಟ್ಟರೆ ಹೈಡ್ರೋಜನ್ ಕ್ಲೋರೈಡೂ ಡಯಾಕ್ಸಿನ್ನಿನಂತಹ ವಿಷಗಳೂ ಹೊಗೆಯಲ್ಲಿ ಸೇರಿ ನಮ್ಮ ಮಕ್ಕಳ ಉಸಿರಿಗೇ ಬರುವುವು.

ಎದುರುವಾದಗಳಲ್ಲಿ ಒಂದು ನನಗೆ ಗೌರವಾರ್ಹವಾಗಿ ತೋರುತ್ತದೆ. ಪತ್ರಿಕೆಯಲ್ಲಿ ಜಾಹೀರಾತು ಕೊಡುವ ಶಕ್ತಿಯಿಲ್ಲದ ಹೊಲಿಗೆಯವಳು, ಮನೆಯಲ್ಲಿ ಪಾಠ ಹೇಳಿ ಜೀವಿಸುವ ವಿಧವೆ, ಹೊಸದಾಗಿ ಅಂಗಡಿಯಿಟ್ಟ ಯುವಕ, ಇವರು ತಮ್ಮ ಇರವನ್ನು ನೆರೆಹೊರೆಗೆ ತಿಳಿಸುವುದು ಹೇಗೆ? ಈ ಪ್ರಶ್ನೆಯನ್ನು ತಳ್ಳಿಹಾಕುವುದು ನ್ಯಾಯವಲ್ಲ. ಪ್ರತಿ ವಾರ್ಡಿನ ಉದ್ಯಾನದ ಬಾಗಿಲಲ್ಲಿ ಪಾಲಿಕೆಯೇ ಒಂದು ಸೂಚನಾಫಲಕವನ್ನು ನಿಲ್ಲಿಸಿ, ಅಲ್ಪ ಶುಲ್ಕ ಪಡೆದು, ಇಂತಹವರ ಚೀಟಿಗಳಿಗೂ ಶ್ರದ್ಧಾಂಜಲಿಯ ಪ್ರಕಟನೆಗಳಿಗೂ ನಿಯತಕಾಲದವರೆಗೆ ಜಾಗ ಕೊಡುವುದು ಕಷ್ಟದ ಕೆಲಸವಲ್ಲ. ಸತ್ಯ ನೋಡಿದರೆ ಇಂದಿನ ಅವ್ಯವಸ್ಥೆಯಿಂದ ಹೆಚ್ಚು ನಷ್ಟವಾಗುತ್ತಿರುವುದು ಆ ಬಡವರಿಗೇ. ಹಣವುಳ್ಳವನ ಫ್ಲೆಕ್ಸಿನ ಹಿಂದೆ ಅವರ ಚೀಟಿ ಯಾರಿಗೆ ಕಾಣುವುದು?

ವಾಕ್‌ಸ್ವಾತಂತ್ರ್ಯದ ಹೆಸರನ್ನು ಎತ್ತುವವರಿಗೆ ಉತ್ತರ ದೀರ್ಘವಾಗಬೇಕಾಗಿಲ್ಲ. ವಾಣಿಜ್ಯ ಜಾಹೀರಾತೂ ಅಭಿವ್ಯಕ್ತಿಯೇ ಎಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ಟಾಟಾ ಪ್ರೆಸ್ ಮೊಕದ್ದಮೆಯಲ್ಲಿ ತೀರ್ಮಾನಿಸಿರುವುದು ನಿಜ. ಆದರೆ ಮಾತನಾಡುವ ಹಕ್ಕು ಉಳ್ಳವನಿಗೆ ಪರರ ಜಗಲಿಯನ್ನೇರಿ ಮಾತನಾಡುವ ಹಕ್ಕೂ ಅದರೊಡನೆ ಬಂದುಬಿಡುವುದಿಲ್ಲ. ಫಲಕಗಳಿಲ್ಲದೆ ವ್ಯಾಪಾರ ಬದುಕದೆಂಬುದಕ್ಕೆ, ಬ್ರೆಜಿಲ್ ದೇಶದ ಸಾವ್ ಪಾವ್ಲೊ ನಗರವೇ ಪ್ರತ್ಯುತ್ತರ: ಕೋಟಿ ಜನರಿರುವ ಆ ನಗರ 2007ರಿಂದ ತನ್ನ ಬೀದಿಗಳ ಜಾಹೀರಾತು ಹಲಗೆಗಳನ್ನು ತೆಗೆದುಹಾಕಿತು, ಅಲ್ಲಿ ವ್ಯಾಪಾರವೇನೂ ನಿಂತುಹೋಗಲಿಲ್ಲ.

ಆದುದರಿಂದ ನಾವು ಪಾಲಿಕೆಗಳನ್ನು ಕೇಳುವುದಿಷ್ಟು. ಪ್ರತಿ ವಾರ್ಡಿಗೂ ವಾರದಲ್ಲಿ ಒಂದು ತೆರವಿನ ದಿನ ಗೊತ್ತಾಗಲಿ. ಇಳಿಸುವ ಮುನ್ನ ಪ್ರತಿ ಫಲಕದ ಛಾಯಾಚಿತ್ರ ತೆಗೆದು, ಅದರಲ್ಲಿ ಹೆಸರು ಕಾಣುವವರಿಗೆ ನೋಟೀಸು ಹೋಗಲಿ, ತೆರವಿನ ವೆಚ್ಚ ಅವರಿಂದಲೇ ವಸೂಲಾಗಲಿ, ಅವರು ಯಾವ ಪಕ್ಷದವರೆಂಬುದನ್ನೂ ಎಂತಹ ಪ್ರಭಾವದವರೆಂಬುದನ್ನೂ ನೋಡದಿರಲಿ. ಚುನಾವಣೆಯ ಕರಪತ್ರದ ಮೇಲೆ ಮುದ್ರಕನ ಮತ್ತು ಪ್ರಕಾಶಕನ ಹೆಸರು ವಿಳಾಸಗಳು ಇರಲೇಬೇಕೆಂದು 1951ರ ಪ್ರಜಾಪ್ರಾತಿನಿಧ್ಯ ಅಧಿನಿಯಮ ವಿಧಿಸುವಂತೆ, ಅಚ್ಚಾಗುವ ಪ್ರತಿ ಫಲಕದ ಮೂಲೆಯಲ್ಲಿಯೂ ಮುದ್ರಣಾಲಯದ ಹೆಸರೂ ಅನುಮತಿಯ ಸಂಖ್ಯೆಯೂ ಅವಧಿಯೂ ಇರತಕ್ಕದ್ದೆಂಬ ನಿಯಮ ಬರಲಿ. 2025ರಲ್ಲಿ ನಗರ ಐದು ಪಾಲಿಕೆಗಳಾಗಿ ಹಂಚಿಹೋಗಿರುವುದರಿಂದ, ಗಡಿರಸ್ತೆಯ ಕಂಬ ಯಾರದೆಂಬ ಚರ್ಚೆಯಲ್ಲಿ ಫಲಕಗಳು ಉಳಿದುಕೊಳ್ಳದಂತೆ ಈಗಲೇ ಏರ್ಪಾಡಾಗಲಿ.

ನಿವಾಸಿಗಳಾದ ನಮ್ಮ ಪಾಲಿನ ಕೆಲಸವೂ ಉಂಟು. ಉತ್ಸವಕ್ಕೆಂದು ಚಂದಾ ಕೇಳಲು ಬಂದವರಿಗೆ, ಪೂಜೆಗೆ ಕೊಡುವೆವು, ಪ್ರಸಾದಕ್ಕೆ ಕೊಡುವೆವು, ಫ್ಲೆಕ್ಸಿಗೆ ಕೊಡೆವು ಎಂದು ಸ್ಪಷ್ಟವಾಗಿ ಹೇಳೋಣ. ಮರಕ್ಕೆ ಮೊಳೆ ಹೊಡೆದು ಕರೆಯುವ ವ್ಯಾಪಾರಿಗೆ, ನಿಮ್ಮ ಸರಕು ಬೇಕು, ಆದರೆ ಆ ಹಲಗೆ ಇಳಿಯುವವರೆಗೆ ಕೊಳ್ಳೆವೆಂದು ತಿಳಿಸೋಣ. ನಮ್ಮ ಮನೆಯ ಹುಡುಗನ ಮುಖ ‘ಶುಭ ಕೋರುವವರ’ ಸಾಲಿನಲ್ಲಿ ಕಂಡರೆ, ಅವನನ್ನು ಮೊದಲು ಕರೆದು ಕೂಡಿಸಿ ಮಾತನಾಡಬೇಕಾದವರು ನಾವೇ. ಆದರೆ ಕಂಬವನ್ನೇರಿ ಫಲಕವನ್ನು ತಾವೇ ಕೀಳುವ ಸಾಹಸಕ್ಕೆ ಯಾರೂ ಕೈಹಾಕಬಾರದು; ತಂತಿಯ ಅಪಾಯ ಕಟ್ಟುವವನಿಗೆಷ್ಟೋ ಬಿಚ್ಚುವವನಿಗೂ ಅಷ್ಟೇ. ಫಲಕದ ಚಿತ್ರವನ್ನೂ, ಸ್ಥಳವನ್ನೂ, ದಿನಾಂಕವನ್ನೂ, ಅದರ ಮೇಲಿನ ಹೆಸರನ್ನೂ ಬರೆದು ವಾರ್ಡಿನ ಕಛೇರಿಗೆ ಲಿಖಿತವಾಗಿ ದೂರಿತ್ತು, ಸ್ವೀಕೃತಿಯ ಮುದ್ರೆಯನ್ನು ಪಡೆದಿಟ್ಟುಕೊಳ್ಳಿರಿ; ಬೀದಿಗೆ ಹತ್ತು ಮನೆಯವರು ಹೀಗೆ ಮಾಡಿದರೆ, ಕಟ್ಟಿದವರು ಯಾರೆಂದು ತಿಳಿಯದೆಂಬ ಉತ್ತರವನ್ನು ಯಾವ ಅಧಿಕಾರಿಯೂ ಬರೆಯಲಾರನು.

ಈ ಪತ್ರವನ್ನು ಓದಿದವರು ಯಾವ ಗೋಡೆಗೂ ಕಂಬಕ್ಕೂ ಅಂಟಿಸದೆ, ನೆರೆಮನೆಯವರ ಕೈಗೇ ಕೊಡಬೇಕಾಗಿ ಪ್ರಾರ್ಥನೆ.